ಚಮಚದಷ್ಟು ಗಾಳಿ

ಡಿಸೆಂಬರಿನಲ್ಲಿ ಮೊಂಚೆಗೊರ್ಸ್ಕಿಗೆ ಸೂರ್ಯ ಬರುವುದಿಲ್ಲ.
ನಾನು ಬರುತ್ತೇನೆ, ಟೆಲಿಫೋನ್ ಕಚೇರಿಯ ರಾತ್ರಿ ಪಾಳಿಗೆ,
ತಾಯಿಸ್ಯಾ, ಹನ್ನೊಂದನೇ ಬೋರ್ಡು,
ಕಿವಿಗೆ ಕರಿ ಬಟ್ಟಲು, ಬಾಯಿ ಸದಾ ಅರ್ಧ ತೆರೆದು:
ಮುರ್ಮನ್ಸ್ಕ್ ಕೇಳುತ್ತಿದೆಯೇ? ಮುರ್ಮನ್ಸ್ಕ್, ಮಾತಾಡಿ.

ಆ ರಾತ್ರಿ ಮೊದಲು ತುಟಿ ಜೋಮು ಹಿಡಿಯಿತು,
ಆಮೇಲೆ ಬೆರಳು.
ಪ್ಲಗ್ಗು ಹಿಡಿದ ಕೈ ಸತ್ತ ಹಕ್ಕಿಯ ಕಾಲಿನಂತೆ ಮುದುಡಿತು.
ಗಾಳಿ ಸಾಲದು ಅನ್ನಿಸಿತು. ಎಳೆದೆ. ಸಾಲದು.
ಇನ್ನಷ್ಟು ಎಳೆದೆ. ಇನ್ನೂ ಸಾಲದು.
ಕಿಟಕಿ ತೆರೆದರೆ ನಿಕ್ಕೆಲ್ ಕಾರ್ಖಾನೆಯ ಹೊಗೆ, ಮೈನಸ್ ಇಪ್ಪತ್ತೆಂಟು;
ಅದನ್ನೂ ಎಳೆದೆ.
ಸಾಯುತ್ತಿದ್ದೇನೆ ಎಂದು ಯಾರಿಗೂ ಉಸುರಲಿಲ್ಲ,
ಎದೆಯ ತುಂಬ ಉಸಿರೇ ಇದ್ದರೂ.

ಬಾಯ್ಲರ್ ನೋಡಿಕೊಳ್ಳುವ ಪ್ರೋಖೊರ್ ಎಲಿಸೆಯೆವಿಚ್
ಬಕೆಟ್ ಹಿಡಿದು ಬಂದವನು ಬಾಗಿಲಲ್ಲೇ ನಿಂತು
ನನ್ನ ಭುಜ ಏರಿಳಿಯುವುದನ್ನು ಎಣಿಸಿದ.
"ನಿಮಿಷಕ್ಕೆ ಮೂವತ್ತೆರಡು," ಎಂದ.
"ಓಡಿಬಂದ ನಾಯಿಯ ಲೆಕ್ಕ. ಬಾಯಿ ಮುಚ್ಚು, ಹುಡುಗಿ."
ನನಗೆ ನಲವತ್ತೊಂದು ವರ್ಷ. ಬಾಯಿ ಮುಚ್ಚು ಎಂದವರು ಬೇಕಾದಷ್ಟಿದ್ದರು;
ಮದ್ದು ಕೊಟ್ಟ ಹಾಗೆ ಅಂದವನು ಅವನೊಬ್ಬನೇ.

ಜಲಾಂತರ್ಗಾಮಿಯಲ್ಲಿ ಗಾಳಿ ಕಾಯುತ್ತಿದ್ದನಂತೆ.
"ಹೊಗೆಯೆಂದು ಊದಿ ಬಿಸಾಡುತ್ತೀಯಲ್ಲ, ಬೀಗದ ಕೈ ಅದೇ.
ರಕ್ತದ ರೈಲು ಆಮ್ಲಜನಕ ತುಂಬಿಕೊಂಡು ಬರುತ್ತದೆ,
ಕೈ ಸಿಗದೆ ಡಬ್ಬಿ ತೆರೆಯುವುದಿಲ್ಲ, ತುಂಬಿಯೇ ಹೊರಟುಹೋಗುತ್ತದೆ.
ಮಿದುಳು ಪ್ಲಾಟ್‌ಫಾರ್ಮಿನಲ್ಲಿ ಹಸಿದು ನಿಂತಿರುತ್ತದೆ,
ಹಸಿದದ್ದು ಕೂಗುತ್ತದೆ: ಇನ್ನೂ ಎಳೆ, ಇನ್ನೂ ಎಳೆ.
ನೀನು ಎಳೆಯುತ್ತೀಯ.
ರಕ್ತದ ಹುಳಿ ಹೋಗುತ್ತದೆ, ಹುಳಿ ಹೋದ ಎಲೆಕೋಸಿನ ಸಾರು,
ಬೆರಳು ಸೆಟೆಯುತ್ತದೆ. ಅದಕ್ಕೆ ನೀನು ಭಯ ಎನ್ನುತ್ತೀಯ."

"ಹೆಚ್ಚಾದರೂ ಕಷ್ಟವೇ," ಎಂದ, ಬಕೆಟ್ ಬೋರಲು ಹಾಕಿ ಕೂತು.
"ನೀರಿನಡಿ ಹತ್ತೊಂಬತ್ತನೇ ದಿನ ಗಾಳಿ ತೊಳೆಯುವ ಪೆಟ್ಟಿಗೆ ಕೆಟ್ಟಿತು.
ಮುಳ್ಳು ಏರಿತು. ಮೊದಲು ತಲೆನೋವು, ಆಮೇಲೆ ಸಿಟ್ಟು.
ಚಮಚ ಕದ್ದ ಎಂದು ಜಖಾರನ ಹಲ್ಲು ಮುರಿದೆ.
ಚಮಚ ನನ್ನ ಬೂಟಿನಲ್ಲೇ ಇತ್ತು.
ಆ ಸಿಟ್ಟು ನನ್ನದೋ, ಗಾಳಿಯದೋ?"
ಆಮೇಲೆ ಮಾತಿಲ್ಲ. ಬಾಯ್ಲರ್ ಕೊಳವೆ ಟಕಟಕ ಎಂದಿತು.

ಜನವರಿಯಿಡೀ ಕಲಿತೆ.
ಮೂಗಿನಿಂದ, ಚಮಚದಷ್ಟೇ, ತುಳುಕದಂತೆ.
ಗದ್ದಕ್ಕೆ ಉಣ್ಣೆಯ ಶಾಲು ಬಿಗಿದು ಮಲಗಿದೆ,
ಹಲ್ಲುನೋವಿನವಳಂತೆ. ಮಗ ನಕ್ಕ.
ಮೊದಮೊದಲು ಮುಳುಗಿದ ಹಾಗಾಯಿತು,
ಒಂದು ಮುಂಜಾನೆ ಅಂಗಾಲು ಬೆಚ್ಚಗಿತ್ತು. ಅಷ್ಟೇ.
ಮಾತಾಡು, ಜಗಳವಾಡು, ಓಡಾಡು ಎಲ್ಲ ಬರುತ್ತಿತ್ತು,
ಉಸಿರಾಡುವುದರಲ್ಲಿನ ಆ ಆಟ ಮಾತ್ರ ಈಗ ತಿಳಿಯಿತು:
ತಾನೇ ಬರಲಿ ಎಂದು ಕಾಯುವ ಆಟ.
ಲಿಡಿಯಾಳ ಮೇಲಿನ ನನ್ನ ಹತ್ತು ವರ್ಷದ ಹಗೆಯನ್ನು ಎತ್ತಿ ನೋಡಿದೆ,
ಅರ್ಧದಷ್ಟು ಹಗುರ. ಉಳಿದರ್ಧ ನನ್ನದೇ ಇರಬೇಕು.

ಎಲ್ಲರ ಉಸಿರೂ ಈಗ ನನಗೆ ಕೇಳಿಸುತ್ತದೆ.
ಒಂದು ಲೋಟ ಚಹಾಕ್ಕೆ ಪ್ರೋಖೊರ್ ಆರು ನಿಟ್ಟುಸಿರು ಬಿಡುತ್ತಾನೆ.
"ನಿಮ್ಮ ಗಾಳಿಯೂ ಸೋರುತ್ತಿದೆ," ಎಂದೆ.
"ಅದು ಜಖಾರನ ಪಾಲು," ಎಂದ.

ಅರ್ಖಾಂಗೆಲ್ಸ್ಕಿನ ಪಟ್ಟಿಯಲ್ಲಿ ಆ ಮನೆತನದವರು ನಾಲ್ವರು.
ಮೂರನೆಯವನ ಮಾತಿನಲ್ಲಿ ಸಿಳ್ಳೆಯಿತ್ತು, ಹಲ್ಲಿಲ್ಲದ ಸಂದಿನಿಂದ.
ಪ್ಲಗ್ಗು ಚುಚ್ಚಿ ಬಾಯ್ಲರ್ ಕೋಣೆಗೆ ಕೊಟ್ಟೆ.
ಹಲೋ ಎಂದರು. ಹೆಸರು ಹೇಳಿಕೊಂಡರು.
ಆಮೇಲೆ ಏನೂ ಇಲ್ಲ, ತಂತಿಯ ಎರಡು ತುದಿಗೂ
ಉಸಿರು, ಮೊದಲು ಏದುತ್ತ,
ಮೆಲ್ಲಗೆ, ಇನ್ನೂ ಮೆಲ್ಲಗೆ, ಒಂದೇ ಲೆಕ್ಕಕ್ಕೆ.
ಮೂರು ನಿಮಿಷ ಮುಗಿಯಿತು ಎಂದು ನಾನು ಹೇಳಬೇಕು.
ನಿಯಮವದು.

ಬಾಯಿ ಮುಚ್ಚಿಕೊಂಡೆ.