ರನ್ನಿಂಗ್ ರೂಮಿನ ಫೋನು

ಪಾಲಿನಲ್ಲಿ ನನಗೆ ಬಂದದ್ದು ಇದೊಂದೇ.
ಹೊಲಿಗೆ ಮಿಷನ್ನು ಚಿಕ್ಕಮ್ಮನಿಗೆ, ಸೈಕಲ್ಲು ಮಾಮುವಿಗೆ,
ಹಿಡಿ ತಿರುಗಿಸುವ ಈ ಮರದ ಡಬ್ಬ
‘ಓದಿದವಳು ನೀನು, ಇಟ್ಟುಕೋ’ ಅಂತ.

ಅರಸೀಕೆರೆಯಿಂದ ಬಸ್ಸು. ಅಕ್ಕಿಚೀಲದಲ್ಲಿ ಸುತ್ತಿ
ತೊಡೆಯ ಮೇಲಿಟ್ಟರೆ ಎಳೆಮಗುವಿನ ತೂಕ.
ಕಂಡಕ್ಟರ್ ಲಗೇಜು ಕೇಳಿದ, ಕೊಟ್ಟೆ.
ದುದ್ದದ ಹಂಪಿನಲ್ಲಿ ಎಲ್ಲರೂ ಹಾರಿದೆವು.
ಟಿಫಿನ್ ಡಬ್ಬಿ, ಬಳೆ, ಸೀಟಿನಡಿಯ ಕೋಳಿ
ಎಲ್ಲ ಸದ್ದು ಮಾಡಿದವು,
ಇದು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.
ಗಂಟೆ ಸತ್ತಿದೆ, ಅರ್ಧ ಬೆಲೆ ಹೋಯಿತು, ಅಂದುಕೊಂಡೆ.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಗಡಿಯಾರದ ನಂಜುಂಡಾಚಾರ್
ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬುಡ ಮಗುಚಿದರು.
‘ನಂಬರು ಸವೆದಿದೆ. ಮರ ತೇಗ.
ಹಿಡಿ ತಿರುಗಿಸ್ತೀನಿ, ಈ ತಂತಿ ಮುಟ್ಟಮ್ಮ.’
ಮುಟ್ಟಿದೆ. ಮೊಣಕೈವರೆಗೂ ಜುಮ್ಮೆಂದಿತು.
‘ಜೀವ ಇದೆ’ ಅಂತ ನಕ್ಕರು.
‘ಹಿತ್ತಾಳೆ ತೂಕಕ್ಕಾದ್ರೆ ಎಂಟುನೂರು.
ಹೋಂಸ್ಟೇಯವರು ಆರು ಸಾವಿರ ಕೊಟ್ಟಾರು.
ಗಂಟೆ ಹೊಡೆದರೆ, ಹನ್ನೆರಡು.’

ಸ್ಕ್ರೂ ನಾಲ್ಕು. ಮೂರು ಬಂದವು.
ನಾಲ್ಕನೆಯದಕ್ಕೆ ಸೀಮೆಎಣ್ಣೆ, ಎರಡು ಟೀ.
ಮುಚ್ಚಳ ತೆಗೆದರೆ
ಜೋಡಿ ಬಟ್ಟಲಿನ ನಡುವೆ ಪುಟ್ಟ ಸುತ್ತಿಗೆಗೆ
ಹಸಿರು ಬಟ್ಟೆ. ಸುತ್ತಿ, ಸುತ್ತಿ, ನೂಲಿನಲ್ಲಿ ಬಿಗಿದು
ಹಲ್ಲಿನಲ್ಲಿ ಕಡಿದ ಗಂಟು.
ಗಾರ್ಡಿನ ಬಾವುಟದ ಚೂರು.

ನಾನಾ, ಬುಡೇನ್ ಸಾಬ್, ರನ್ನಿಂಗ್ ರೂಮಿನ ಕಾವಲು.
ಹನ್ನೆರಡು ಮಂಚ. ಅಪರಾತ್ರಿಗೆ ಬಂದು
ಬೂಟು ಸಮೇತ ಬೀಳುವ ಡ್ರೈವರುಗಳು, ಕಲ್ಲಿದ್ದಲ ಕೆಮ್ಮು.
ಫೋನು ಬಂದರೆ ಹೆಸರು ಕೇಳಿಕೊಂಡು
ಒಬ್ಬನನ್ನು ಎಬ್ಬಿಸಬೇಕು.
ಒಬ್ಬನನ್ನು.
ಗಂಟೆಗೆ ಅದು ತಿಳಿಯದು.

‘ಹಗಲೆಲ್ಲ ಗೊರಕೆ, ಸೋಮಾರಿ’ ಅಂತ ನಾನಿಯ ಬೈಗುಳ.
ಮಯ್ಯತ್ತಿನ ದಿನವೂ ಕಣ್ಣೊರೆಸುತ್ತ
‘ಇನ್ನಾದರೂ ನಿದ್ದೆ ತೀರಲಿ’ ಅಂದಳಂತೆ.
ಬಟ್ಟೆಯ ಟಪ್ ಟಪ್ಪಿಗೆ ಕಿವಿ ಕೊಟ್ಟು
ಕೂತೇ ಬೆಳಗು ಮಾಡಿದವರು
ಹಗಲು ಇನ್ನೇನು ಮಾಡಬೇಕಿತ್ತು, ನಾನಿ?

ಆಚಾರ್ ಬ್ಲೇಡು ತೆಗೆದರು. ‘ಕೊಯ್ಯಲಾ?’
ನಾನು ಟೀ ಲೋಟದ ತಳ ನೋಡುತ್ತಿದ್ದೆ.
ಅವರು ತಾವೇ ಬ್ಲೇಡು ಕಾಗದದಲ್ಲಿ ಮಡಿಸಿ
ಸ್ಕ್ರೂ ಹುಡುಕತೊಡಗಿದರು.
ಮೂರೇ ಸಿಕ್ಕವು.

ಕೊನೆಯ ಬಸ್ಸು. ಪಕ್ಕದ ಹೆಂಗಸು
ನನ್ನ ಭುಜವನ್ನೇ ದಿಂಬು ಮಾಡಿಕೊಂಡಿದ್ದಳು.
ದುದ್ದದ ಹಂಪು.
ಈ ಸಲ ಕೇಳಿಸಿತು: ಟಪ್.
ಅವಳಿಗೆ ಎಚ್ಚರವಾಗಲಿಲ್ಲ.