ಇತರೆ

ಮನೆಗೊಂದು ಪುಟ, ಅಂಗಡಿಗೊಂದು ಪುಟ,
ನೀರಿಗೆ, ಬೀದಿದೀಪಕ್ಕೆ, ಮದುವೆ ಹಾಲಿಗೆ,
ಮೊಬೈಲ್ ಟವರಿಗೂ ಒಂದು.
ಪಂಚಾಯ್ತಿಯ ಕರ ವಸೂಲಿ ಪುಸ್ತಕದಲ್ಲಿ
ವಿಮಾನಕ್ಕೆ ಮಾತ್ರ ಪುಟವಿಲ್ಲ.
ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ
ಬೇಕಾಗಿಯೂ ಇರಲಿಲ್ಲ.

ಈ ಸಲ ದತ್ತಾರಾಂ ಪಾವಸ್ಕರ,
ಹಡಗಿನ ಎಂಜಿನ್ನು ತಿಕ್ಕಿ ತಿಕ್ಕಿ ನಿವೃತ್ತನಾದವ,
ಎರಡು ಸೀಟಿನ ಹಳೇ ವಿಮಾನವೊಂದನ್ನು
ರೆಕ್ಕೆ ಬಿಚ್ಚಿ, ಹಗ್ಗ ಬಿಗಿದು, ಲಾರಿಯಲ್ಲಿ
ಘಟ್ಟ ಇಳಿಸಿ ತಂದ.
ಮಾಜಾಳಿಯ ಮುಚ್ಚಿದ ಐಸ್ ಪ್ಲಾಂಟಿನ ಶೆಡ್ಡಿನಲ್ಲಿ ಇಟ್ಟ.

ಸಭೆಯಲ್ಲಿ ಎರಡು ತಾಸು ಅದೇ ಮಾತು.
ಗೂಡಂಗಡಿಯವಳು ಕೊಡ್ತಾಳೆ, ಇವ ಯಾಕೆ ಕೊಡೂದಿಲ್ಲ?
ಬಾಬಿ ಮೇತ್ರಿ ಎದ್ದು ನಿಂತು,
"ಊರ ಮೇಲೆ ಬಿದ್ದ ನೆರಳಿಗೆ ಹಾಕಿ" ಅಂದ.
ಎಲ್ಲರೂ ನಕ್ಕರು.
ಕಾರ್ಯದರ್ಶಿ ನಗಲಿಲ್ಲ, ಬರೆದುಕೊಂಡರು.
ಮರುದಿನ ಠರಾವು ನನ್ನ ಕೈಯಲ್ಲಿ:
ಅಳೆದು ಬನ್ನಿ.

ನನ್ನ ಟೇಪು ಮೂವತ್ತಡಿಯದು.
ರೆಕ್ಕೆ ಅದಕ್ಕೂ ಉದ್ದ.
ಮಿಕ್ಕಿದ್ದನ್ನು ಗೇಣು ಹಾಕಿದೆ.
ಮುಟ್ಟಿದರೆ ಬಟ್ಟೆ! ಹಾಯಿಬಟ್ಟೆಯ ಹಾಗೆ ಬಿಗಿ,
ಹೊಲಿಗೆಯೂ ಹಾಗೇ, ಒಂದು ಕಡೆ ತೇಪೆ.
ಗೋಡೆಯಲ್ಲಿ ಇನ್ನೂ ಮೀನಿನ ಐಸಿನ ವಾಸನೆ,
ಅದರ ಮೇಲೆ ಪೆಟ್ರೋಲು.

"ಎಷ್ಟು ಸಲ ಹಾರಿಸಿದ್ರಿ?"
(ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ.)
"ಇಲ್ಲಿಯಾ? ಒಂದೂ ಇಲ್ಲ ಬಾಯಿ.
ಕೆಳಗೆ ನಿಮ್ಮ ಪಂಚಾಯ್ತಿ, ಮೇಲೆ ನೌಕಾಪಡೆ.
ಹನ್ನೊಂದು ತಿಂಗಳಾಯ್ತು,
ಅರ್ಜಿ ಮಾತ್ರ ದಿಲ್ಲಿಯಲ್ಲಿ ಹಾರ್ತಾ ಅದೆ."

ತುಕ್ಕು ಹಿಡಿಯಬಾರದೆಂದು ಭಾನುವಾರಕ್ಕೊಮ್ಮೆ
ಎಂಜಿನ್ನು ಚಾಲೂ ಮಾಡುತ್ತಾನಂತೆ.
ಅಂದು ಬುಧವಾರ. ನನಗೆಂದು ಮಾಡಿದ.
ಶೆಡ್ಡಿನ ತಗಡೆಲ್ಲ ಹಲ್ಲು ಕಡಿಯಿತು.
ರಸೀದಿ ಪುಸ್ತಕದ ಕಾರ್ಬನ್ ಹಾಳೆ ಕಿತ್ತುಕೊಂಡು
ಬಾಗಿಲಾಚೆ ಹೋಗಿ
ಗಾಳಿಮರದ ತುದಿಗೆ ಸಿಕ್ಕಿತು.
ನಾಲ್ಕು ಮನೆಗಳ ತೆರಿಗೆ ಅದರಲ್ಲಿ
ಉಲ್ಟಾ ಅಚ್ಚಾಗಿತ್ತು.

"ಹಾರದೇ ಇದ್ದದ್ದಕ್ಕೆ ತೆರಿಗೆ ಎಂತದು?"
ಕೇಳಿದವ ಪಾವಸ್ಕರ.
ದನಿ ನನಗೆ ಮೊದಲೇ ಗೊತ್ತಿತ್ತು.
ಮಳೆಗಾಲ, ಬಂದಿಯ ತಿಂಗಳು,
ಪಾತಿ ದೋಣಿ ಮಗುಚಿ, ಮಡ್ಲು ಹೊದಿಸಿ,
ಒದ್ದೆ ತಲೆಯಲ್ಲೇ ನನ್ನಪ್ಪ
ಬಂದರಿನ ಗುಮಾಸ್ತನೆದುರು ನಿಂತು ಕೇಳಿದ್ದ:
"ನೀರು ಮುಟ್ಟದ ದೋಣಿಗೆ ಎಂತಾ ಫೀ ಸಾಯ್ಬಾ?"
ಗುಮಾಸ್ತ ತಲೆಯೆತ್ತದೆ ಅಂದಿದ್ದ,
ದೋಣಿ ಇದೆಯಲ್ಲ.

ಪಾವಸ್ಕರನಿಗೆ ನಾನು ಹೇಳಿದ್ದೂ ಅದೇ.
ತಲೆ ಎತ್ತಿ ಹೇಳಿದೆ, ಅಷ್ಟೇ.

ಎಂಟುನೂರ ನಲವತ್ತು ರೂಪಾಯಿ.
'ಇತರೆ' ಎಂಬ ಕಾಲಮ್ಮಿನಲ್ಲಿ ಬರೆದೆ,
ಬೀಡಾಡಿ ದನ ಹಿಡಿದ ದಂಡದ ಕೆಳಗೆ,
ಹರಾಜಾದ ಮುರುಕು ಬೆಂಚಿನ ಮೇಲೆ.
ಅವ ರಸೀದಿಯನ್ನು ಮಡಚಿ
ಸೀಟಿನೆದುರಿನ, ಎತ್ತರ ತೋರಿಸುವ ಗಡಿಯಾರದ
ಗಾಜಿಗೆ ಸಿಕ್ಕಿಸಿದ. ಮುಳ್ಳು ಸೊನ್ನೆಯಲ್ಲಿತ್ತು.

ಆಡಿಟ್ಟಿನವರ ಆಕ್ಷೇಪಣೆ ಬಂತು:
ಸದರಿ ಸ್ವತ್ತು ಸ್ಥಿರವೋ ಚರವೋ
ಏಳು ದಿನದೊಳಗೆ ಸ್ಪಷ್ಟಪಡಿಸುವುದು.
ನಾಲ್ಕು ಸಲ ಉತ್ತರ ಬರೆದೆ, ನಾಲ್ಕು ಸಲ ಹರಿದೆ.

ಅಷ್ಟರಲ್ಲಿ ಅವನ ಅನುಮತಿಯೂ ಬಂತು.
ಒಂದು ದಿನ, ಇಪ್ಪತ್ತು ನಿಮಿಷ.
ಕಾಳಿ ಸೇತುವೆ ದಾಟಕೂಡದು, ಫೋಟೋ ತೆಗೆಯಕೂಡದು.
ಇಳಿತದ ಗಟ್ಟಿ ಮರಳಿನ ಮೇಲೆ
ಕುಂಟುತ್ತಾ ಓಡಿ, ಎದ್ದೇಬಿಟ್ಟಿತು.

ದಂಡೆಯಲ್ಲಿ ಅವ್ವ ತಾರ್ಲೆ ಒಣಗಿಸುತ್ತಿದ್ದಳು.
ನೆರಳು ಮೀನಿನ ಮೇಲೆ ಹಾದುಹೋಯಿತು.
ಬಲೆಯ ಸುತ್ತ ಕೂತಿದ್ದ ಕಾಗೆಗಳೆಲ್ಲ
ಒಂದೇ ಸಲಕ್ಕೆ ಎದ್ದು ಗಾಳಿಮರ ಸೇರಿದವು.
ಕಲ್ಲೆಸೆಯಲು ಎತ್ತಿದ್ದ ಕೈಯನ್ನು
ಹಾಗೇ ಇಳಿಸಿ ಅವ್ವ ಕೇಳಿದಳು:
"ಅದು ದಿನಾ ಬತ್ತದ್ಯಾ?
ಬಂದ್ರೆ, ಅವ್ನಿಗೆ ನಾವು
ಎಷ್ಟು ಕೊಡೂಕೆ ಬೇಕು?"