ನಲವತ್ತೇಳನೇ ಪುಟದ ಅಂಚಿನಲ್ಲಿ

ಶಿವರಾಂಪೇಟೆಯ ಪ್ರೆಸ್ಸು ಮುಚ್ಚಿದ ಮೇಲೆ
ಕೆಂಪು ಇಂಕಿನ ಪೆನ್ನು ಕೊಳ್ಳುವುದನ್ನು ಬಿಟ್ಟೆ.
ಈಗ ಒಂಟಿಕೊಪ್ಪಲಿನ ಈ ಮಹಡಿ ಕೋಣೆಯಲ್ಲಿ
ಬ್ರೌಸರ್ ತೆರೆದು, ಲಿಂಕ್ ಒತ್ತಿ,
ಗಿರಗಿರ ಸುತ್ತುವ ಚಕ್ರ ನಿಲ್ಲುವ ತನಕ
ಕಾಫಿ ಲೋಟ ತೊಳೆದಿಟ್ಟು ಬರುತ್ತೇನೆ.
ಪುಟ ಬರುತ್ತದೆ. ಮೂಸಿದರೆ
ಸೀಮೆಎಣ್ಣೆ ಇಲ್ಲ, ಮಸಿ ಇಲ್ಲ,
ಗಫಾರ್ ಸಾಬರ ಹೆಬ್ಬೆರಳ ಗುರುತಿಲ್ಲ.

ಅವರು ಮೊಳೆ ಜೋಡಿಸುತ್ತಿದ್ದರು,
ಕನ್ನಡಿಯಲ್ಲಿ ಓದುವವರ ಹಾಗೆ ತಿರುಗುಮುರುಗು ಓದುತ್ತ.
ನನ್ನ ಪ್ರೂಫು ನೋಡಿ ಗೊಣಗುತ್ತಿದ್ದರು:
"ಒಂದು ಒತ್ತಕ್ಷರಕ್ಕೆ ಇಡೀ ಸಾಲು ಬಿಚ್ಚಬೇಕು ತಾಯಿ,
ನಿಜಕ್ಕೂ ತಪ್ಪಾ? ಇನ್ನೊಂದ್ಸಲ ನೋಡಿ."

ಈಗ ಬಿಚ್ಚುವುದೇನಿಲ್ಲ.
ಮೌಸ್ ಒತ್ತಿ ಹಿಡಿದು ಎಳೆದರೆ ಹಳದಿ
ಅಕ್ಷರದಿಂದ ಅಕ್ಷರಕ್ಕೆ ಹರಿದು ನಿಲ್ಲುತ್ತದೆ.
ಅಂಚಿನಲ್ಲೊಂದು ಚೌಕ ಬಾಯಿ ತೆರೆಯುತ್ತದೆ:
ಹೇಳು, ಏನು ತಕರಾರು?

ಈ ಸಲದ್ದು ನೂರಹನ್ನೆರಡು ಪುಟ,
ನಾಲೆ ಬಯಲಿನ ಮಾತುಗಳ ಸಣ್ಣದೊಂದು ಕೋಶ.
ಬರೆದವಳು ದೇವಮ್ಮಣ್ಣಿ, ಪಾಂಡವಪುರದಾಚೆ ಎಲ್ಲೋ
ಅಂಗನವಾಡಿ ಟೀಚರ್, ನೀರುಗಂಟಿಯ ಮಗಳು.
ತೂಬು, ಕೋಡಿ, ಸರದಿ, ಕಡೇಗದ್ದೆ.
ನಾನು ಮೈಸೂರಿನ ನಲ್ಲಿ ನೀರಿನವಳು.
ಆದರೆ ವ್ಯಾಕರಣ ಬಲ್ಲೆ.

ಮೊದಲ ದಿನವೇ ಅರುವತ್ತು ಹಳದಿ.
'ಮಳೆ ಉಯ್ತು' ಇದ್ದಲ್ಲಿ 'ಮಳೆ ಸುರಿಯಿತು'.
'ಎತ್ಲಾಗೆ' ಇದ್ದಲ್ಲಿ 'ಯಾವ ಕಡೆಗೆ'.
ಹೊಟ್ಟೆ ಸೀಳಬೇಕಾದ ಅಕ್ಷರಗಳ
ಹೊಟ್ಟೆ ಸೀಳಿದೆ.
ನಲವತ್ತೇಳನೇ ಪುಟದಲ್ಲಿ ಒಂದು ವಾಕ್ಯ:
'ಅವತ್ತು ರಾತ್ರಿಯೆಲ್ಲ ಅಪ್ಪ ಮಡೆ ಕಟ್ಟಿದ.'
ಕೈತಪ್ಪು ಅಂದುಕೊಂಡೆ. ಹಳದಿ ಎಳೆದು ಬರೆದೆ:
'ಮನೆ' ಎಂದಾಗಬೇಕು.
ಅದರ ಕೆಳಗೆ ಬುದ್ಧಿವಂತಿಕೆಯ ಇನ್ನೊಂದು ಸಾಲು:
ಒಂದೇ ರಾತ್ರಿಗೆ ಮನೆ ಕಟ್ಟಲಾದೀತೇ? ಪರಿಶೀಲಿಸಿ.

ಊಟಕ್ಕೆ ಎದ್ದು ಹೋದೆ. ಬಂದು ನೋಡಿದರೆ
ಅದೇ ಚೌಕದೊಳಗೆ ಬೇರೆ ಬಣ್ಣದ ಒಂದು ಹೆಸರು,
ಪಕ್ಕದಲ್ಲಿ ಮೂರು ಚುಕ್ಕಿ ಕುಣಿಯುತ್ತಿವೆ.
ನಿಂತವು. ಮತ್ತೆ ಕುಣಿದವು.
ಆ ಕಡೆ ಬರೆದು ಬರೆದು ಅಳಿಸುತ್ತಿದ್ದಾಳೆ.
ಕೊನೆಗೆ ಬಂತು:

"ಮನೆ ಕಟ್ಟಲಿಲ್ಲ ಮೇಡಂ ನಮ್ಮಪ್ಪ.
ಮಡೆಯೇ ಕಟ್ಟಿದ್ದು.
ಬದುವಿನ ಬಾಯಿಗೆ ಮಣ್ಣು ಹಾಕಿ
ಒಬ್ಬರ ಗದ್ದೆ ನೀರು ನಿಲ್ಲಿಸಿ
ಇನ್ನೊಬ್ಬರ ಗದ್ದೆಗೆ ತಿರುಗಿಸೋದು.
ಗುದ್ದಲಿ, ಬ್ಯಾಟರಿ, ತಲೆ ಮೇಲೆ ಗೋಣಿಚೀಲ.
ಬ್ಯಾಟರಿ ಹಿಡಿದೋಳು ನಾನು.
ನಮಗೆ ಗದ್ದೆ ಇರಲಿಲ್ಲ."

ಆ ಕೊನೆಯ ಸಾಲು ಕೋಶದಲ್ಲಿ ಎಲ್ಲೂ ಇಲ್ಲ.
ಹುಡುಕುವ ಪೆಟ್ಟಿಗೆಗೆ ಹಾಕಿ ನೋಡಿದೆ. ಸೊನ್ನೆ.
ಅದಿರುವುದು ಅಂಚಿನಲ್ಲಿ ಮಾತ್ರ.
ಅಚ್ಚಿಗೆ ಹೋಗುವಾಗ ಅಂಚು ಹೋಗುತ್ತದೆ,
ಹಳದಿಯೆಲ್ಲ ಬಸಿದು ಹೋಗಿ
ಬಿಳಿ ಕಾಗದ, ಕಪ್ಪು ಅಕ್ಷರ,
ಯಾರೂ ತಪ್ಪೇ ಮಾಡಿರಲಿಲ್ಲವೆಂಬ ಹಾಗೆ.

ನಾಚಿಕೆಯಾಗಿ ನನ್ನ ಟಿಪ್ಪಣಿ ಅಳಿಸಲು ಹೊರಟೆ.
ಬ್ರೌಸರ್ ತಡೆಯಿತು: ಇದನ್ನು ತೆಗೆದರೆ
ಇದರ ಕೆಳಗಿನ ಉತ್ತರವೂ ಹೋಗುತ್ತದೆ. ಖಚಿತವೇ?
ಗಫಾರ್ ಸಾಬರು ಕೂಡ
ಇಷ್ಟು ಮೆಲ್ಲಗೆ ಕೇಳಿದವರಲ್ಲ.
ಬೇಡ, ಒತ್ತಿದೆ.
ನನ್ನ ತಪ್ಪಿಗೆ ಜೋತುಬಿದ್ದಾದರೂ
ಅವಳ ಮಾತು ಉಳಿಯಲಿ.

ಮತ್ತೆ ಒಂದನೇ ಪುಟಕ್ಕೆ ಹೋದೆ.
'ಉಯ್ತು' ಮೇಲಿನ ಹಳದಿ ತೆಗೆದೆ. 'ಎತ್ಲಾಗೆ' ಬಿಟ್ಟುಕೊಟ್ಟೆ.
ಎಲ್ಲವನ್ನೂ ಅಲ್ಲ. ಕಾಗುಣಿತ ಕಾಗುಣಿತವೇ,
ಅಷ್ಟು ಜಂಬ ನನಗಿನ್ನೂ ಇದೆ.
ನಲವತ್ತೇಳಕ್ಕೆ ಬಂದು ಚೌಕ ಬಿಡಿಸಿ ಬರೆದೆ:
'ಬ್ಯಾಟರಿ ಹಿಡಿದವಳು ಪುಸ್ತಕದೊಳಗೆ ಬರಬೇಕು.
ಎಲ್ಲಿ ಸೇರಿಸೋಣ, ನೀವೇ ಹೇಳಿ.'

ಗಂಟೆ ಹನ್ನೊಂದು. ಮೂರು ಚುಕ್ಕಿ.
ಇಲ್ಲ.
ಮೂರು ಚುಕ್ಕಿ.
ಕೆಳಗೆ ಯಾರೋ ಸಂಪಿನ ಮುಚ್ಚಳ ಎತ್ತಿದರು,
ನಲ್ಲಿಗೆ ನೀರು ಬಂದಿರಬೇಕು.
ಮೂವತ್ತು ವರ್ಷ ಕುಡಿದಿದ್ದೇನೆ.
ಬಿಡುವವರ ಹೆಸರು ಕೇಳಿಲ್ಲ.